ದಿನ ತುಂಬದ ಕೂಸು, ಡಬ್ಬದ ಹಾಲು ಮತ್ತು ನನ್ನದೊಂದು ಸಹಿ

ಮೂವತ್ತು ವರ್ಷಕ್ಕೂ ಮೇಲೆ ಬ್ಯಾಂಕಿನಲ್ಲಿ ಕೆಲಸ ಮಾಡಿದವನು ನಾನು. ಸಾಲಕ್ಕೆ ಬಂದವರಿಗೆ "ಓದಿ ನೋಡಿ ಸಹಿ ಹಾಕಿ" ಎಂದು ಎಷ್ಟು ಸಾವಿರ ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಅವರು ಓದುವುದಿಲ್ಲ. "ಎಲ್ಲಿ ಸಾಹೇಬ್, ಇಲ್ಲಿಯಾ?" ಎಂದು ಕೇಳಿ ಹಾಕಿಯೇ ಬಿಡುತ್ತಾರೆ. ನಾನು ಮನಸ್ಸಿನಲ್ಲೇ ನಕ್ಕಿದ್ದೂ ಇದೆ.

ಆ ನಗುವಿಗೆ ಶಿಕ್ಷೆ ಎಂಬಂತೆ, 2023ರ ಆಗಸ್ಟ್ ತಿಂಗಳ ಒಂದು ರಾತ್ರಿ, ಠಾಣೆ ಕಡೆಯ ಒಂದು ಖಾಸಗಿ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ನಾನೂ ಓದದೆ ಒಂದು ಸಹಿ ಹಾಕಿದೆ. ಸಾಲದ ಪತ್ರಕ್ಕಲ್ಲ. ಎರಡು ದಿನದ ಮೊಮ್ಮಗಳ ಹೊಟ್ಟೆಗೆ ಏನು ಹೋಗಬೇಕು ಎನ್ನುವ ಪತ್ರಕ್ಕೆ.

ನನ್ನ ಮಗಳಿಗೆ ರಕ್ತದೊತ್ತಡ ಏರಿ, ಮೂವತ್ತೊಂದು ವಾರಕ್ಕೇ ಸಿಸೇರಿಯನ್ ಮಾಡಬೇಕಾಯಿತು. ಮಗುವಿನ ತೂಕ 1 ಕಿಲೋ 340 ಗ್ರಾಂ. ನಮ್ಮೂರಿನ ಒಂದು ಸಾಧಾರಣ ತೆಂಗಿನಕಾಯಿ ಅದಕ್ಕಿಂತ ಭಾರ ಇರುತ್ತದೇನೋ. ಅಳಿಯ ಕಂಪೆನಿ ಕೆಲಸದ ಮೇಲೆ ಹೊರಗೆ ಹೋಗಿದ್ದವನು ಮಳೆಯಿಂದ ವಿಮಾನ ರದ್ದಾಗಿ ದಾರಿಯಲ್ಲೇ ಸಿಕ್ಕಿಬಿದ್ದಿದ್ದ. ಮಗಳು ಒಂದು ಮಹಡಿಯಲ್ಲಿ, ಮಗು ಎನ್‌ಐಸಿಯುವಿನ ಗಾಜಿನ ಪೆಟ್ಟಿಗೆಯಲ್ಲಿ, ನಡುವಿನ ಮೆಟ್ಟಿಲ ಮೇಲೆ ನಾನು.

ಎರಡನೇ ರಾತ್ರಿ ಎರಡು ಗಂಟೆಗೆ ನರ್ಸ್ ಬಂದು, "ತಾಯಿಗೆ ಹಾಲು ಬಂದಿಲ್ಲ, ಬೇಬಿಗೆ ಫೀಡ್ ಶುರು ಮಾಡಬೇಕು, ಫಾರ್ಮುಲಾ ಕೊಡ್ತೇವೆ, ಇಲ್ಲಿ ಸೈನ್ ಮಾಡಿ, ಕೆಳಗಿನ ಮೆಡಿಕಲ್‌ನಿಂದ ಡಬ್ಬ ತನ್ನಿ" ಎಂದಳು. ಪಾಪ, ಅವಳದೇನೂ ತಪ್ಪಿಲ್ಲ. ಎಂಟು ಮಕ್ಕಳನ್ನು ಇಬ್ಬರೇ ನೋಡಿಕೊಳ್ಳುತ್ತಿದ್ದರು. ಇಂಗ್ಲಿಷಿನ ಆ ಒಂದು ಪುಟದಲ್ಲಿ ಏನಿತ್ತೋ ದೇವರಾಣೆ ನನಗೆ ನೆನಪಿಲ್ಲ. ಸಹಿ ಹಾಕಿದೆ, ಡಬ್ಬ ತಂದುಕೊಟ್ಟೆ. ಮಗುವಿನ ಹೊಟ್ಟೆಗೆ ಏನೋ ಒಂದು ಬಿತ್ತಲ್ಲ ಎಂದು ಸಮಾಧಾನವೂ ಆಯಿತು.

ಆರನೇ ದಿನ ಮಗುವಿನ ಹೊಟ್ಟೆ ಉಬ್ಬಿತು. ಮೂಗಿನಿಂದ ಹೊಟ್ಟೆಗೆ ಇಳಿಸಿದ್ದ ನಳಿಕೆಯಲ್ಲಿ ಹಸಿರು ಬಣ್ಣದ ದ್ರವ ಬಂತು. ಕೂಡಲೇ ಹಾಲು ನಿಲ್ಲಿಸಿ, ಎಕ್ಸ್‌ರೇ ತೆಗೆದು, ಆಂಟಿಬಯೋಟಿಕ್ ಶುರು ಮಾಡಿದರು. ದೊಡ್ಡ ಡಾಕ್ಟರು ನಮ್ಮನ್ನು ಕರೆದು, "ಎನ್‌ಇಸಿ ಇರಬಹುದು ಎಂದು ಅನುಮಾನ, ಮುಂದಿನ ಮೂರು ದಿನ ಕಾದು ನೋಡಬೇಕು" ಎಂದರು. ಅಲ್ಲಿಯವರೆಗೆ ನನಗೆ ಎನ್‌ಇ ಅಕ್ಷರದಿಂದ ಶುರುವಾಗುವ ಒಂದೇ ಒಂದು ಸಂಕ್ಷೇಪ ಗೊತ್ತಿದ್ದದ್ದು ಎನ್‌ಇಎಫ್‌ಟಿ!

ಪೂರ್ತಿ ಹೆಸರು ನೆಕ್ರೊಟೈಸಿಂಗ್ ಎಂಟೆರೊಕೊಲೈಟಿಸ್. ಸರಳವಾಗಿ ಹೇಳುವುದಾದರೆ ಕರುಳಿನ ಗೋಡೆ ಉರಿಯೂತದಿಂದ ಕೆಟ್ಟು ಸಾಯತೊಡಗುವ ರೋಗ. ಬರುವುದು ಹೆಚ್ಚಾಗಿ ದಿನ ತುಂಬದೆ ಹುಟ್ಟಿದ ಮಕ್ಕಳಿಗೆ. ತಾಯಿಯ ಹೊಟ್ಟೆಯಲ್ಲಿ ಇನ್ನೂ ಎರಡು ತಿಂಗಳು ಬಲಿಯಬೇಕಿದ್ದ ಕರುಳು ಅದು. ಅದರ ಒಳಪದರ ತೆಳು, ಚಲನೆ ನಿಧಾನ, ರಕ್ಷಣಾಶಕ್ತಿ ಅರೆಬರೆ. ರೋಗಾಣುಗಳು ಗೋಡೆ ದಾಟಿ ಒಳಗೆ ನುಗ್ಗಿದರೆ ಗಂಟೆಗಳ ಲೆಕ್ಕದಲ್ಲಿ ಪರಿಸ್ಥಿತಿ ಕೈಮೀರಬಹುದು. ಕೆಲವರಿಗೆ ಕರುಳಿನ ತುಂಡನ್ನೇ ಕತ್ತರಿಸಿ ತೆಗೆಯಬೇಕಾಗುತ್ತದೆ. ಎಷ್ಟೋ ಮಕ್ಕಳು ಉಳಿಯುವುದಿಲ್ಲ.

ನಮ್ಮ ಪುಣ್ಯ, ಹತ್ತು ದಿನ ಬರೀ ಡ್ರಿಪ್ ಮೇಲೆ ಇದ್ದು ನಮ್ಮ ಕೂಸು ಚೇತರಿಸಿಕೊಂಡಿತು. ಆಪರೇಷನ್ ಬೇಕಾಗಲಿಲ್ಲ. ಅಷ್ಟರಲ್ಲಿ ಒಬ್ಬ ಹಿರಿಯ ಮಲಯಾಳಿ ಸಿಸ್ಟರ್ ನನ್ನ ಮಗಳ ಪಕ್ಕ ಕೂತು, ಕೈಯಿಂದ ಹಾಲು ಹಿಂಡುವುದು ಹೇಗೆ ಎಂದು ಕಲಿಸಿದ್ದರು. ಮೊದಲ ದಿನ ಚಮಚದ ತಳ ಮುಚ್ಚುವಷ್ಟು. ನಾಲ್ಕನೇ ದಿನಕ್ಕೆ ಸಣ್ಣ ಬಾಟಲಿ ತುಂಬುವಷ್ಟು. ಹತ್ತು ದಿನದ ನಂತರ ಮಗುವಿಗೆ ಮತ್ತೆ ಶುರು ಮಾಡಿದ್ದು ತಾಯಿಯ ಹಾಲನ್ನೇ, ಒಂದೊಂದು ಎಂಎಲ್‌ನಂತೆ. ಕುಂದಾಪುರದಿಂದ ನನ್ನ ಅಮ್ಮ ದಿನಾ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳುತ್ತಿದ್ದಳು: "ಮಗಿನ್ ಹೊಟ್ಟಿ ಮೆತ್ತಗ್ ಇತ್ತಾ?" ಡಾಕ್ಟರೂ ದಿನಾ ಬಂದು ಮೊದಲು ನೋಡುತ್ತಿದ್ದದ್ದು ಅದನ್ನೇ!

ಈಗ ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಡಬ್ಬದ ಹಾಲಿನಿಂದಲೇ ನಮ್ಮ ಮಗುವಿಗೆ ಹೀಗಾಯಿತು ಎಂದು ನಾನು ಹೇಳುತ್ತಿಲ್ಲ, ಹೇಳಲೂ ಆಗುವುದಿಲ್ಲ. ಬರೀ ತಾಯಿಹಾಲು ಕುಡಿದ ಮಕ್ಕಳಿಗೂ ಎನ್‌ಇಸಿ ಬರುತ್ತದೆ. ಡಬ್ಬದ ಹಾಲು ಕುಡಿದ ಬಹಳಷ್ಟು ಮಕ್ಕಳಿಗೆ ಬರುವುದೂ ಇಲ್ಲ. ನನ್ನ ತಕರಾರು ಬೇರೆ. ಅಪಾಯದ ಪ್ರಮಾಣ ಎರಡರಲ್ಲೂ ಒಂದೇ ಅಲ್ಲ, ಇದು ವೈದ್ಯಲೋಕಕ್ಕೆ ಬಹಳ ವರ್ಷಗಳಿಂದ ಗೊತ್ತಿದೆ. ಸಹಿ ಹಾಕಿದ ನನಗೆ ಮಾತ್ರ ಯಾರೂ ಹೇಳಲಿಲ್ಲ.

ಎಷ್ಟು ವರ್ಷಗಳಿಂದ ಗೊತ್ತಿದೆ? 1990ರಲ್ಲಿ, ಅಂದರೆ ನಾನು ಬಿ.ಕಾಂ. ಸರ್ಟಿಫಿಕೇಟ್ ಹಿಡಿದು ಮುಂಬಯಿಗೆ ಬಸ್ಸು ಹತ್ತಿದ ವರ್ಷ, ಬ್ರಿಟನ್ನಿನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಲೂಕಸ್ ಮತ್ತು ಕೋಲ್ ಎಂಬಿಬ್ಬರು 926 ಅವಧಿಪೂರ್ವ ಶಿಶುಗಳ ಲೆಕ್ಕ ಪ್ರಕಟಿಸಿದರು. ಬರೀ ಎದೆಹಾಲು ಕುಡಿದವರಿಗಿಂತ ಬರೀ ಫಾರ್ಮುಲಾ ಕುಡಿದ ಮಕ್ಕಳಲ್ಲಿ ಎನ್‌ಇಸಿ ಆರರಿಂದ ಹತ್ತು ಪಟ್ಟು ಹೆಚ್ಚು. ಎರಡನ್ನೂ ಬೆರೆಸಿ ಕೊಟ್ಟವರಿಗೆ ಹೋಲಿಸಿದರೂ ಮೂರು ಪಟ್ಟು ಹೆಚ್ಚು. ಮೂವತ್ತು ವಾರ ದಾಟಿ ಹುಟ್ಟಿದ ಮಕ್ಕಳಲ್ಲಂತೂ, ಸ್ವಲ್ಪವಾದರೂ ಎದೆಹಾಲು ಸಿಕ್ಕವರಲ್ಲಿ ಈ ರೋಗ ಅಪರೂಪ, ಬರೀ ಫಾರ್ಮುಲಾದವರಲ್ಲಿ ಇಪ್ಪತ್ತು ಪಟ್ಟು ಹೆಚ್ಚು. ನಮ್ಮ ಕೂಸು ಮೂವತ್ತೊಂದು ವಾರದ್ದು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅದು ಹಳೆಯ ಲೆಕ್ಕ, ಇವತ್ತಿನ ಫಾರ್ಮುಲಾ ಸುಧಾರಿಸಿದೆ ಎನ್ನಬಹುದು. ಸರಿ, ಹೊಸದನ್ನೇ ನೋಡೋಣ. ತಾಯಿಯ ಹಾಲು ಸಾಲದಾಗ ಇನ್ನೊಬ್ಬ ತಾಯಿ ದಾನ ಮಾಡಿದ ಹಾಲು ಕೊಟ್ಟರೆ ಏನು, ಫಾರ್ಮುಲಾ ಕೊಟ್ಟರೆ ಏನು ಎಂದು ಹೋಲಿಸಿದ ಪ್ರಯೋಗಗಳನ್ನೆಲ್ಲ ಕೂಡಿಸಿ ಕಾಕ್ರೇನ್ ಸಂಸ್ಥೆ 2019ರಲ್ಲಿ ವರದಿ ಮಾಡಿತು. ಫಾರ್ಮುಲಾ ಗುಂಪಿನಲ್ಲಿ ಎನ್‌ಇಸಿ ಹತ್ತಿರಹತ್ತಿರ ಎರಡು ಪಟ್ಟು. ಆದರೆ ಅದೇ ಗುಂಪಿನ ಮಕ್ಕಳ ತೂಕ ಬೇಗ ಏರಿತ್ತು, ಸಾವಿನ ಪ್ರಮಾಣದಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ಒಂದು ಕಡೆಯ ಅಂಕಿ ತೋರಿಸಿ ಇನ್ನೊಂದನ್ನು ಮುಚ್ಚಿಡುವುದು ಬ್ಯಾಲೆನ್ಸ್ ಶೀಟ್ ಅಲ್ಲ.

ಈ ತೂಕದ ವಿಷಯ ಬಹಳ ಮೋಸದ್ದು ನೋಡಿ. ಎನ್‌ಐಸಿಯು ಹೊರಗೆ ಕೂತ ಎಲ್ಲ ಅಜ್ಜ ಅಜ್ಜಿಯರ ಬಾಯಲ್ಲೂ ಒಂದೇ ಮಾತು, "ಇವತ್ತು ಎಷ್ಟು ಗ್ರಾಂ ಏರಿತು?" ತಕ್ಕಡಿ ಕಣ್ಣಿಗೆ ಕಾಣುತ್ತದೆ, ಕರುಳು ಕಾಣುವುದಿಲ್ಲ. ಎರಡು ಪರ್ಸೆಂಟ್ ಬಡ್ಡಿ ಜಾಸ್ತಿ ಎಂದು ಯಾವುದೋ ಸೊಸೈಟಿಯಲ್ಲಿ ಜೀವಮಾನದ ಗಳಿಕೆ ಇಟ್ಟು, ಆಮೇಲೆ ಬಾಗಿಲು ಹಾಕಿದ ಶಟರ್ ಮುಂದೆ ನಿಂತವರನ್ನು ನಾನು ನೋಡಿದ್ದೇನೆ. ಅವರಿಗೂ ಬಡ್ಡಿ ಕಂಡಿತ್ತು, ಅಪಾಯ ಕಂಡಿರಲಿಲ್ಲ.

ಎದೆಹಾಲಿನಲ್ಲಿ ಅಂಥದ್ದೇನಿದೆ? ಕರುಳಿನ ಒಳಗೋಡೆಗೆ ಕಾವಲು ನಿಲ್ಲುವ ಪ್ರತಿಕಾಯಗಳು, ರೋಗಾಣುಗಳಿಗೆ ಕಬ್ಬಿಣದ ಅಂಶ ಸಿಗದಂತೆ ಮಾಡುವ ಲ್ಯಾಕ್ಟೊಫೆರಿನ್, ಒಳ್ಳೆಯ ಬ್ಯಾಕ್ಟೀರಿಯಾ ಬೆಳೆಸುವ ವಿಶೇಷ ಸಕ್ಕರೆಗಳು, ಜೀವಂತ ಕೋಶಗಳು. ಮೊದಲ ದಿನಗಳ ಗಿಣ್ಣುಹಾಲಿನಲ್ಲಂತೂ ಇವು ದಟ್ಟವಾಗಿರುತ್ತವೆ. ಡಬ್ಬದಲ್ಲಿ ಇರುವುದು ಹೆಚ್ಚಾಗಿ ಹಸುವಿನ ಹಾಲಿನ ಪ್ರೋಟೀನು, ಎಣ್ಣೆ, ಸಕ್ಕರೆ, ವಿಟಮಿನ್ನು. ಆಹಾರವೇನೋ ಹೌದು, ಕಾವಲುಗಾರ ಅಲ್ಲ.

ಇನ್ನೊಂದು ವಿಷಯ ನನಗೆ ಆಶ್ಚರ್ಯ ತಂದದ್ದು. ಫಾರ್ಮುಲಾ ಪುಡಿ ಪೂರ್ತಿ ರೋಗಾಣುರಹಿತ ಅಲ್ಲ! ಡಬ್ಬ ಸೀಲ್ ಆಗಿದ್ದರೂ ಕ್ರೊನೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಒಣ ಪುಡಿಯಲ್ಲಿ ಬದುಕಿರಬಲ್ಲದು. ಅಪರೂಪ ನಿಜ, ಆದರೆ ಎಳೆಯ ಶಿಶುಗಳಲ್ಲಿ ರಕ್ತಕ್ಕೂ ಮಿದುಳಿಗೂ ನಂಜು ಹರಡುತ್ತದೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2007ರ ಮಾರ್ಗಸೂಚಿಯಲ್ಲಿ, ಪುಡಿಯನ್ನು 70 ಡಿಗ್ರಿಗಿಂತ ಕಡಿಮೆಯಿಲ್ಲದ ಬಿಸಿನೀರಿನಲ್ಲಿ ಕಲಸಿ, ಆಮೇಲೆ ಆರಿಸಿ ಕೊಡಬೇಕು ಎಂದಿತು. ನಮ್ಮ ಮನೆಗಳಲ್ಲಿ ಏನು ಮಾಡುತ್ತೇವೆ? ಫ್ಲಾಸ್ಕಿನ ಉಗುರುಬೆಚ್ಚಗಿನ ನೀರು, ಎರಡು ಚಮಚ ಪುಡಿ, ನಾಲ್ಕು ಸಲ ಕುಲುಕು. 2022ರ ಫೆಬ್ರವರಿಯಲ್ಲಿ ಅಮೆರಿಕದ ಮಿಶಿಗನ್‌ನಲ್ಲಿರುವ ಅಬಾಟ್ ಕಂಪೆನಿಯ ಕಾರ್ಖಾನೆಯ ಪುಡಿಯನ್ನು ಇದೇ ಬ್ಯಾಕ್ಟೀರಿಯಾದ ಆತಂಕದಿಂದ ವಾಪಸ್ ಪಡೆದಾಗ, ಅಂಥ ದೇಶದಲ್ಲೇ ತಾಯಂದಿರು ಡಬ್ಬಕ್ಕಾಗಿ ಅಂಗಡಿ ಅಂಗಡಿ ಅಲೆದರು.

ಅಮೆರಿಕದಲ್ಲಿ ಈ ವಿಷಯ ಕೋರ್ಟಿಗೂ ಹೋಗಿದೆ. 2024ರ ಮಾರ್ಚ್‌ನಲ್ಲಿ ಇಲಿನಾಯ್ ರಾಜ್ಯದ ಜ್ಯೂರಿಯೊಂದು ಎನ್‌ಇಸಿಯಿಂದ ಮಗು ಕಳೆದುಕೊಂಡ ತಾಯಿಗೆ ಮೀಡ್ ಜಾನ್ಸನ್ ಕಂಪೆನಿ 6 ಕೋಟಿ ಡಾಲರ್ ಕೊಡಬೇಕು ಎಂದಿತು. ಜುಲೈಯಲ್ಲಿ ಸೇಂಟ್ ಲೂಯಿಸ್‌ನ ಜ್ಯೂರಿ ಅಬಾಟ್ ಕಂಪೆನಿಗೆ 49.5 ಕೋಟಿ ಡಾಲರ್ ವಿಧಿಸಿತು. ಅದೇ ಊರಿನ ಇನ್ನೊಂದು ಜ್ಯೂರಿ ಅಕ್ಟೋಬರ್ ಕೊನೆಯಲ್ಲಿ ಇನ್ನೊಂದು ಮಗುವಿನ ಮೊಕದ್ದಮೆಯಲ್ಲಿ ಎರಡೂ ಕಂಪೆನಿಗಳದ್ದು ತಪ್ಪಿಲ್ಲ ಎಂದಿತು. 2025ರ ಮಾರ್ಚ್‌ನಲ್ಲಿ ನ್ಯಾಯಾಧೀಶರು ಅದನ್ನು ಬದಿಗಿಟ್ಟು ಮರುವಿಚಾರಣೆಗೆ ಆದೇಶಿಸಿದರು. ಈ ನಡುವೆ 2024ರ ಅಕ್ಟೋಬರ್‌ನಲ್ಲಿ ಅಲ್ಲಿನ ಮೂರು ಸರ್ಕಾರಿ ಆರೋಗ್ಯ ಸಂಸ್ಥೆಗಳು ಸೇರಿ ಒಂದು ಹೇಳಿಕೆ ಕೊಟ್ಟವು. ಫಾರ್ಮುಲಾದಿಂದಲೇ ಎನ್‌ಇಸಿ ಬರುತ್ತದೆ ಎನ್ನಲು ನಿರ್ಣಾಯಕ ಸಾಕ್ಷ್ಯ ಇಲ್ಲ, ಆದರೆ ಎದೆಹಾಲು ಎನ್‌ಇಸಿಯಿಂದ ಕಾಪಾಡುತ್ತದೆ ಎನ್ನಲು ಗಟ್ಟಿ ಸಾಕ್ಷ್ಯ ಇದೆ ಎಂಬುದು ಅದರ ಸಾರ.

ಡಬ್ಬ ವಿಷವೋ, ಅಥವಾ ಎದೆಹಾಲಿನ ರಕ್ಷಣೆ ಇಲ್ಲದಿರುವುದೇ ಕಾರಣವೋ ಎಂದು ವಕೀಲರು ವಾದಿಸಲಿ. ಮಳೆಯಲ್ಲಿ ನೆನೆದು ಜ್ವರ ಬಂದವನಿಗೆ ಮಳೆಯಿಂದ ಬಂತೋ ಕೊಡೆ ಇಲ್ಲದ್ದರಿಂದ ಬಂತೋ ಎಂದು ಕೇಳಿದ ಹಾಗೆ ಅದು. ಸಹಿ ಹಾಕಲು ಪೆನ್ನು ಹಿಡಿದು ನಿಂತ ಅಪ್ಪನಿಗೋ ಅಜ್ಜನಿಗೋ ಬೇಕಾದದ್ದು ಒಂದೇ ಮಾಹಿತಿ: ಕೊಡೆ ಎಲ್ಲಿ ಸಿಗುತ್ತದೆ?

ಇಲ್ಲಿ ನಮ್ಮೂರಿನ ಒಂದು ಹಳೆಯ ಕತೆ ಹೇಳಬೇಕು. ನನ್ನ ಚಿಕ್ಕಪ್ಪನ ಮಗಳು ಎಂಟು ತಿಂಗಳಿಗೆ ಹುಟ್ಟಿದವಳು. ಚಿಕ್ಕಮ್ಮನಿಗೆ ಜ್ವರ ಬಂದು ಹಾಲು ಬತ್ತಿದಾಗ, ಪಕ್ಕದ ಮನೆಯ ಬಾಣಂತಿ ದಿನಕ್ಕೆ ನಾಲ್ಕು ಸಲ ಬಂದು ತನ್ನ ಹಾಲು ಹಿಂಡಿ ಕೊಡುತ್ತಿದ್ದರು. ಅಜ್ಜಿ ಅದನ್ನು ಹತ್ತಿಯ ಬತ್ತಿಯಲ್ಲಿ ಅದ್ದಿ ಹನಿ ಹನಿಯಾಗಿ ಬಿಡುತ್ತಿದ್ದರು. ಹಳೆಯ ಕಾಲವೇ ಚಂದ ಎಂದು ನಾನು ಹಾಡುವುದಿಲ್ಲ. ಅದೇ ಅಜ್ಜಿ ಬೇರೆ ಕೂಸುಗಳ ನಾಲಿಗೆಗೆ ಜೇನುತುಪ್ಪ ಹಚ್ಚಿದ್ದೂ, ನೀರು ಬೆರೆಸಿದ ಹಸುವಿನ ಹಾಲು ಕುಡಿಸಿದ್ದೂ ಉಂಟು. ಎರಡೂ ಅಪಾಯ. ಎಷ್ಟು ಮಕ್ಕಳು ಹೋದವೋ ಲೆಕ್ಕ ಇಟ್ಟವರಿಲ್ಲ. ಆದರೆ ತಾಯಿಗೆ ಹಾಲಿಲ್ಲದಿದ್ದರೆ ಮೊದಲು ಇನ್ನೊಬ್ಬ ತಾಯಿಯನ್ನು ಹುಡುಕಬೇಕು ಎನ್ನುವುದು ಅವರಿಗೆ ಗೊತ್ತಿತ್ತು.

ಅದನ್ನೇ ಶಾಸ್ತ್ರಬದ್ಧವಾಗಿ ಮಾಡುವುದಕ್ಕೆ ಇಂದು ಹಾಲಿನ ಬ್ಯಾಂಕ್ ಎನ್ನುತ್ತಾರೆ. ಏಷ್ಯಾದಲ್ಲೇ ಮೊದಲನೆಯದು ಎಲ್ಲಿ ಶುರುವಾಯಿತು ಗೊತ್ತೇ? ನಮ್ಮ ಸಾಯನ್ ಆಸ್ಪತ್ರೆಯಲ್ಲಿ! 1989ರಲ್ಲಿ, ಡಾ. ಅರ್ಮಿಡಾ ಫರ್ನಾಂಡಿಸ್ ಅವರ ಶ್ರಮದಿಂದ. ಧಾರಾವಿಯ ಪಕ್ಕದ, ಬಡವರೇ ತುಂಬಿರುವ ಮುನ್ಸಿಪಲ್ ಆಸ್ಪತ್ರೆ ಅದು. ಡೊಂಬಿವಿಲಿಯಿಂದ ದಾದರಿಗೆ ಲೋಕಲ್ ಹಿಡಿದು ಮೂರು ದಶಕ ದಿನಕ್ಕೆರಡು ಸಲ ಸಾಯನ್ ದಾಟಿದ್ದೇನೆ. ಬ್ಯಾಂಕ್ ಅಧಿಕಾರಿಯಾದ ನನಗೆ ಅಲ್ಲೊಂದು ಇಂಥ ಬ್ಯಾಂಕ್ ಇದೆ ಎಂದು ಗೊತ್ತೇ ಇರಲಿಲ್ಲ.

ಅದರ ವ್ಯವಹಾರ ನಮ್ಮ ಬ್ಯಾಂಕಿಗಿಂತ ಕಟ್ಟುನಿಟ್ಟು. ಹೆಚ್ಚು ಹಾಲಿರುವ ಬಾಣಂತಿಯರು ಸ್ವಇಚ್ಛೆಯಿಂದ ಕೊಡುತ್ತಾರೆ. ಮೊದಲು ಎಚ್‌ಐವಿ, ಹೆಪಟೈಟಿಸ್ ಬಿ ಮುಂತಾದವುಗಳ ಪರೀಕ್ಷೆ, ನಮ್ಮ ಕೆವೈಸಿ ಇದ್ದ ಹಾಗೆ. ಆಮೇಲೆ ಹಾಲನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಪಾಶ್ಚರೀಕರಿಸಿ, ಬ್ಯಾಕ್ಟೀರಿಯಾ ಉಳಿದಿಲ್ಲ ಎಂದು ಪರೀಕ್ಷಿಸಿ, ಮೈನಸ್ 20 ಡಿಗ್ರಿಯಲ್ಲಿ ಇಡುತ್ತಾರೆ. ಬಿಸಿ ಮಾಡುವಾಗ ಸ್ವಲ್ಪ ರಕ್ಷಣಾಂಶ ನಷ್ಟವಾಗುತ್ತದೆ, ಆದರೆ ಎನ್‌ಇಸಿ ತಡೆಯುವ ಗುಣ ಬಹುಪಾಲು ಉಳಿಯುತ್ತದೆ. ಮಾರಾಟ ಕೂಡದು. ಕೇಂದ್ರ ಸರ್ಕಾರ 2017ರಲ್ಲಿ ಇದಕ್ಕೆ ರಾಷ್ಟ್ರೀಯ ಮಾರ್ಗಸೂಚಿ ತಂದಿದೆ, 2024ರ ಮೇನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಎದೆಹಾಲಿನ ವ್ಯಾಪಾರ ನಿಲ್ಲಿಸಿ ಎಂದು ಮತ್ತೊಮ್ಮೆ ಎಚ್ಚರಿಸಿದೆ. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ 2022ರಲ್ಲಿ ಇಂಥದ್ದು ಶುರುವಾಯಿತು. ಆದರೆ ಲ್ಯಾನ್ಸೆಟ್‌ನಲ್ಲಿ ಬಂದ ಅಂದಾಜಿನಂತೆ ನಮ್ಮ ದೇಶದಲ್ಲಿ 2020ರಲ್ಲಿ ಹುಟ್ಟಿದ ಅವಧಿಪೂರ್ವ ಶಿಶುಗಳೇ ಸುಮಾರು 30 ಲಕ್ಷ. ಠೇವಣಿ ಎಷ್ಟಿದ್ದರೂ ಸಾಲದು.

ಹಾಗಾದರೆ ಫಾರ್ಮುಲಾ ಬೇಡವೇ ಬೇಡವೇ? ಹಾಗೆ ಹೇಳಿದರೆ ತಪ್ಪಾಗುತ್ತದೆ. ತಾಯಿ ಐಸಿಯುನಲ್ಲಿದ್ದಾಗ, ದಾನದ ಹಾಲು ಸಿಗದಿದ್ದಾಗ ಮಗುವನ್ನು ಉಪವಾಸ ಕೆಡವಲಾಗುವುದಿಲ್ಲ. ಕಡಿಮೆ ತೂಕದ ಮಕ್ಕಳಿಗೆಂದೇ ಮಾಡಿದ ಫಾರ್ಮುಲಾ ಆಗ ಜೀವ ಉಳಿಸುತ್ತದೆ. ತೀರಾ ಸಣ್ಣ ಮಕ್ಕಳಿಗೆ ಎದೆಹಾಲಿನ ಪೋಷಕಾಂಶವೊಂದೇ ಸಾಲದೆ ಡಾಕ್ಟರು ಬಲವರ್ಧಕ ಸೇರಿಸುವುದೂ ಉಂಟು. ವಿಶ್ವ ಆರೋಗ್ಯ ಸಂಸ್ಥೆಯ ಕ್ರಮವೂ ಹೀಗೆಯೇ ಇದೆ: ಮೊದಲು ತಾಯಿಯ ಹಾಲು, ಇಲ್ಲದಿದ್ದರೆ ದಾನದ ಹಾಲು, ಅದೂ ಇಲ್ಲದಿದ್ದರೆ ಫಾರ್ಮುಲಾ. ನಮ್ಮ ವಿಷಯದಲ್ಲಿ ಮೊದಲ ಎರಡು ಮೆಟ್ಟಿಲನ್ನು ಹಾರಿ ಸೀದಾ ಮೂರಕ್ಕೆ ಹೋಗಿದ್ದರು. "ಹಾಲು ಬಂದಿಲ್ಲ" ಎಂದರಲ್ಲ, ಹಿಂಡಲು ಯಾರೂ ಕಲಿಸಿಯೇ ಇರಲಿಲ್ಲ! ಅವಧಿಗೆ ಮುಂಚೆ ಹೆತ್ತ ತಾಯಿಗೆ ಮಗು ಚೀಪುವುದಿಲ್ಲ, ಹಾಗಾಗಿ ಮೊದಲ ಕೆಲವು ಗಂಟೆಗಳಲ್ಲೇ ಕೈಯಿಂದಲೋ ಪಂಪಿನಿಂದಲೋ ಶುರು ಮಾಡಿ ರಾತ್ರಿಯೂ ಸೇರಿ ದಿನಕ್ಕೆ ಎಂಟು ಸಲವಾದರೂ ಹಿಂಡಬೇಕು. ಅದಕ್ಕೊಬ್ಬ ಸಿಸ್ಟರ್ ಪಕ್ಕದಲ್ಲಿ ಕೂರಬೇಕು. ಡಬ್ಬ ತರಿಸುವುದು ಅದಕ್ಕಿಂತ ಸುಲಭ.

ತಾಯಿಯನ್ನು ಒಂದು ಮಹಡಿ, ಮಗುವನ್ನು ಇನ್ನೊಂದು ಮಹಡಿ ಮಾಡಿದರೆ ಹಾಲು ಹೇಗೆ ಬಂದೀತು? ದೆಹಲಿಯ ಸಫ್ದರ್‌ಜಂಗ್ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ, ಹುಟ್ಟಿದ ಕೂಡಲೇ ಸಣ್ಣ ಮಕ್ಕಳನ್ನು ತಾಯಿಯ ಎದೆಗೆ ಅಪ್ಪಿಸಿ ಕಾಂಗರೂ ಆರೈಕೆ ಮಾಡಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಮೊದಲ 28 ದಿನಗಳ ಸಾವು ಕಾಲು ಭಾಗ ಕಡಿಮೆಯಾಗಿತ್ತು. ಇದಕ್ಕೆ ದೊಡ್ಡ ಯಂತ್ರ ಬೇಡ, ತಾಯಿಗೊಂದು ಮಂಚ ಬೇಕು.

ಕಾನೂನು ಇಲ್ಲವೇ? ಇದೆ, ಒಳ್ಳೆಯ ಕಾನೂನೇ. 1992ರ ಶಿಶು ಹಾಲಿನ ಬದಲಿಗಳ ಕಾಯ್ದೆ ಜಾಹೀರಾತು, ಉಚಿತ ಸ್ಯಾಂಪಲ್ ಎಲ್ಲ ನಿಷೇಧಿಸಿದೆ. ಡಬ್ಬದ ಮೇಲೆ ಮಗುವಿನ ಚಿತ್ರ ಹಾಕುವಂತಿಲ್ಲ, ತಾಯಿಯ ಹಾಲೇ ಮಗುವಿಗೆ ಶ್ರೇಷ್ಠ ಎಂದು ಬರೆಯಬೇಕು. 2003ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿದರು. ಆದರೆ ನಾನು ತಂದ ಡಬ್ಬದಲ್ಲಿ ದಿನ ತುಂಬದ ಮಗುವಿನ ಕರುಳಿನ ಬಗ್ಗೆ ಒಂದಕ್ಷರ ಇರಲಿಲ್ಲ.

ನನ್ನ ಅಭಿಪ್ರಾಯ ಇಷ್ಟೇ. 2024ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕ್ ನಿಯಮದಂತೆ, ನಾವು ಒಂದು ಬೈಕಿಗೆ ಸಾಲ ಕೊಡುವಾಗಲೂ ಗ್ರಾಹಕನಿಗೆ ಅರ್ಥವಾಗುವ ಭಾಷೆಯಲ್ಲಿ 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಕೊಡಲೇಬೇಕು. ಬಡ್ಡಿ ಎಷ್ಟು, ಶುಲ್ಕ ಎಷ್ಟು, ತಪ್ಪಿದರೆ ಏನು, ಎಲ್ಲ ಅದರಲ್ಲಿರಬೇಕು. ಎರಡು ದಿನದ ಕೂಸಿಗೆ ಫಾರ್ಮುಲಾ ಕೊಡುವ ಮುಂಚೆ ಅಂಥದ್ದೊಂದು ಅರ್ಧ ಪುಟ ಕನ್ನಡದಲ್ಲೋ, ಮರಾಠಿಯಲ್ಲೋ, ಹಿಂದಿಯಲ್ಲೋ ಯಾಕೆ ಇರಬಾರದು?

ಅದು ಬರುವವರೆಗೆ ನಾವೇ ಕೇಳಬೇಕು. ನಾಲ್ಕು ಪ್ರಶ್ನೆ ಬರೆದಿಟ್ಟುಕೊಳ್ಳಿ:

1. ತಾಯಿಗೆ ಹಾಲು ಹಿಂಡಲು ಯಾರು, ಯಾವಾಗಿನಿಂದ ಸಹಾಯ ಮಾಡುತ್ತಿದ್ದಾರೆ?

2. ಇಲ್ಲಿ ಅಥವಾ ಹತ್ತಿರದಲ್ಲಿ ಹಾಲಿನ ಬ್ಯಾಂಕ್ ಇದೆಯೇ, ದಾನದ ಹಾಲು ತರಿಸಬಹುದೇ?

3. ಫಾರ್ಮುಲಾ ಅನಿವಾರ್ಯ ಆದರೆ ಯಾವುದು, ಎಷ್ಟು ದಿನ, ಯಾರು ಹೇಗೆ ಕಲಸುತ್ತಾರೆ?

4. ಹೊಟ್ಟೆ ಉಬ್ಬುವುದು, ಹಸಿರು ವಾಂತಿ, ಮಲದಲ್ಲಿ ರಕ್ತ, ಇವುಗಳನ್ನು ದಿನಕ್ಕೆ ಎಷ್ಟು ಸಲ ನೋಡುತ್ತೀರಿ?

ಜಗಳವಾಡಬೇಡಿ, ಸುಮ್ಮನೆ ಕೇಳಿ. ಒಳ್ಳೆಯ ಡಾಕ್ಟರಿಗೆ ಇಂಥ ಪ್ರಶ್ನೆಯಿಂದ ಬೇಸರವಾಗುವುದಿಲ್ಲ. ಅವರು ಕಾರಣ ಹೇಳಿ ಫಾರ್ಮುಲಾನೇ ಬೇಕು ಎಂದರೆ ಒಪ್ಪಿಕೊಳ್ಳಿ. ಮತ್ತೆ ದಯವಿಟ್ಟು ಬಾಣಂತಿಯ ಮುಂದೆ "ನಿನಗೆ ಹಾಲೇ ಇಲ್ಲ" ಎನ್ನಬೇಡಿ. ನನ್ನ ಹೆಂಡತಿ ಗಾಬರಿಯಲ್ಲಿ ಒಂದು ಸಲ ಅಂದಳು. ಆ ದಿನ ಮಗಳಿಗೆ ಒಂದು ಹನಿಯೂ ಬರಲಿಲ್ಲ.

ಊರು ಬಿಟ್ಟು ಬಂದ ನಮಗೆ ಇಲ್ಲಿ ಪಕ್ಕದ ಮನೆಯ ಬಾಣಂತಿ ಇಲ್ಲ, ಹತ್ತಿಯ ಬತ್ತಿ ಹಿಡಿದು ಕೂರುವ ಅಜ್ಜಿ ಇಲ್ಲ. ನಮ್ಮ ಕನ್ನಡ ಸಂಘಗಳಲ್ಲಿ ರಕ್ತದಾನ ಶಿಬಿರ ಮಾಡುತ್ತೇವೆ, ಕಣ್ಣಿನ ತಪಾಸಣೆ ಮಾಡುತ್ತೇವೆ. ನಮ್ಮ ನಡುವಿನ ಬಾಣಂತಿಯರಿಗೆ ಹತ್ತಿರದ ಹಾಲಿನ ಬ್ಯಾಂಕಿನ ವಿಳಾಸ ತಿಳಿಸುವ ಕೆಲಸವನ್ನೂ ಅದರ ಜೊತೆ ಸೇರಿಸಬಹುದಲ್ಲವೇ? ನಮ್ಮ ಸಂಘದ ಮುಂದಿನ ಮೀಟಿಂಗಿನಲ್ಲಿ ಇದನ್ನು ಎತ್ತುವವನಿದ್ದೇನೆ. ನಗುವವರು ನಗಲಿ.

ಮೊಮ್ಮಗಳಿಗೆ ಎರಡು ವರ್ಷ ದಾಟಿದೆ. ನನ್ನ ಕನ್ನಡಕದ ಎರಡು ಫ್ರೇಮು ಮುರಿದಿದ್ದಾಳೆ. ಅಮ್ಮ ಈಗಲೂ ಫೋನಿನಲ್ಲಿ ಮೊದಲು ಕೇಳುವುದು ಅವಳ ಹೊಟ್ಟೆಯ ಸುದ್ದಿಯನ್ನೇ. ಆ ಇಂಗ್ಲಿಷ್ ಕಾಗದದ ಪ್ರತಿ ಆಸ್ಪತ್ರೆಯ ಫೈಲಿನಲ್ಲಿ ನಮ್ಮ ಮನೆಯಲ್ಲೇ ಇದೆ. ಇದನ್ನು ಬರೆಯುವ ಮುಂಚೆ ತೆಗೆದು ಓದಿದೆ. ಹನ್ನೊಂದೇ ಸಾಲು. ಎರಡು ನಿಮಿಷವೂ ಹಿಡಿಯಲಿಲ್ಲ.